ತಂತಿ ಇಲ್ಲದ ನಕ್ಷೆ

ಅವರಿಬ್ಬರ ಮೊದಲ ಮಾತೇ ಜಗಳ.

ಕಾಡ್ಗಿಚ್ಚು ಕಾವಲು ಕಚೇರಿಯ ಎರಡನೇ ಮಹಡಿಯಲ್ಲಿ ಅವಳು ಕಂಪ್ಯೂಟರಿಗೆ ಕಾಡನ್ನು ಓದಲು ಕಲಿಸುತ್ತಿದ್ದಳು. ಹದಿನೈದು ವರ್ಷಗಳ ದಾಖಲೆ ನೋಡಿ, ನಾಳೆ ಎಲ್ಲಿ ಹೊತ್ತಿಕೊಳ್ಳಬಹುದೆಂದು ಅದು ನಕ್ಷೆಯಲ್ಲಿ ಕೆಂಪು ಹಚ್ಚುತ್ತಿತ್ತು. ಒಂದು ಬೆಳಿಗ್ಗೆ ಗುಡ್ಡದ ಕಾವಲು ಗೋಪುರದಿಂದ ಅವನು ಇಳಿದು ಬಂದ. ಬೂಟಿನ ತುಂಬ ಬೂದಿ.

“ನಿಮ್ಮ ಮೆಷಿನ್ ಕೆಂಪು ಅಂದ ಕೂಡ್ಲೇ ನಾವು ಎದ್ದೆವೋ ಬಿದ್ದೆವೋ ಅಂತ ಓಡ್ಬೇಕು. ಯಾಕೆ ಕೆಂಪು ಅಂತ ಕೇಳೋ ಹಾಗಿಲ್ವಾ ಮೇಡಂ?”

“ಕೇಳಿ. ಆದ್ರೆ ಅದಕ್ಕೆ ಬಾಯಿಲ್ಲ.”

“ಹಾಗಿದ್ರೆ ಬಾಯಿ ಕೊಡಿ.”

ಅವನ ತುಟಿ ನಗಲಿಲ್ಲ, ಕಣ್ಣು ಮಾತ್ರ ನಕ್ಕಿತು. ಆ ನಗು ಎರಡು ದಿನ ಅವಳ ಬೆನ್ನು ಬಿಡಲಿಲ್ಲ.

ಮೂರು ತಿಂಗಳಲ್ಲಿ ಅವಳು ಬಾಯಿ ಕೊಟ್ಟಳು. ಪ್ರತಿ ಕೆಂಪು ಚುಕ್ಕೆಯ ಪಕ್ಕ ಈಗ ಕಾರಣಗಳ ಪಟ್ಟಿ: ಒಣಗಿದ ಎಲೆಯ ಪಾಲು ಇಷ್ಟು, ಗಾಳಿಯದು ಇಷ್ಟು, ಇಳಿಜಾರಿನದು ಇಷ್ಟು. ತಾನು ಕಣ್ಣಾರೆ ಕಂಡದ್ದರ ಜೊತೆ ಅದನ್ನು ತಾಳೆ ನೋಡಲು ಅವನು ವಾರಕ್ಕೊಮ್ಮೆ ಬರುತ್ತಿದ್ದ. ಆಮೇಲೆ ವಾರಕ್ಕೆ ಮೂರು ಸಲ ಬರತೊಡಗಿದ. ತಾಳೆ ನೋಡುವುದು ಅಷ್ಟೇನೂ ಇರಲಿಲ್ಲ.

“ಇವತ್ತೇನು ಕೆಲಸ?”

“ಗಾಳಿ ಜಾಸ್ತಿ ಇತ್ತು. ಹೇಳಿಹೋಗೋಣ ಅಂತ.”

“ಫೋನ್ ಇರ್ಲಿಲ್ವಾ?”

“ಇತ್ತು,” ಅಂದು ಕಿಟಕಿಯ ಕಡೆ ತಿರುಗಿದ. ಅವನ ಕಿವಿ ಕೆಂಪಾದದ್ದನ್ನು ಅವಳು ನೋಡಿಯೂ ನೋಡದ ಹಾಗೆ ಕೂತಳು.

ಒಂದು ದಿನ ಅವಳನ್ನು ತನ್ನ ಅಕ್ಕನ ಮನೆಗೆ ಕರೆದುಕೊಂಡು ಹೋದ. ಕಾಡಿನ ಕಾಲುದಾರಿಯ ಕೊನೆಯಲ್ಲಿ ಆಕೆಯ ನಲವತ್ತು ಜೇನುಪೆಟ್ಟಿಗೆಗಳಿದ್ದವು. ಅಕ್ಕ ಇವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಇವಳೇ ಏನೋ, ನಿನ್ನ ಗಾಳಿ ಸುದ್ದಿ ಕೇಳೋಳು?” ಅಂದಳು. ಅವನಿಗೆ ತಲೆ ಎತ್ತಲಾಗಲಿಲ್ಲ.

ಆ ಬೇಸಿಗೆಯಲ್ಲಿ ಮೇಲಧಿಕಾರಿಗಳು ವರದಿ ಕೇಳಿದರು: ಗುಡ್ಡದ ಬೆಂಕಿಗೆ ಮುಖ್ಯ ಕಾರಣ ಯಾವುದು? ಮೆಷಿನ್ ಪಟ್ಟಿಯ ಮೊದಲಲ್ಲಿಟ್ಟದ್ದು ಅದೇ ಕಾಲುದಾರಿಯನ್ನು, ಅಂದರೆ ಅಲ್ಲಿ ಓಡಾಡುವವರನ್ನು.

“ದಾರಿ ಪಕ್ಕದಲ್ಲೇ ಕರೆಂಟ್ ತಂತಿ ಹೋಗಿದೆ,” ಅಂದ ಅವನು. “ಗಾಳಿಗೆ ಒಂದಕ್ಕೊಂದು ತಾಗಿ ಕಿಡಿ ಉದುರೋದನ್ನ ಗೋಪುರದಿಂದ ನೋಡಿದ್ದೀನಿ. ನಿಮ್ಮ ನಕ್ಷೇಲಿ ತಂತಿಯೇ ಇಲ್ವಲ್ಲ?”

“ತಂತಿಯ ನಕ್ಷೆ ತರಿಸೋಕೆ ಎರಡು ತಿಂಗಳು ಬೇಕು. ವರದಿ ಶುಕ್ರವಾರ ಕೊಡ್ಬೇಕು.”

“ಹಾಗಾದ್ರೆ ಗೊತ್ತಿಲ್ಲ ಅಂತ ಬರೀರಿ.”

ಅವಳು ಬರೆಯಲಿಲ್ಲ. ಮೆಷಿನ್‌ಗೆ ಇಷ್ಟು ದಿನ ಕಷ್ಟಪಟ್ಟು ಮಾತು ಕಲಿಸಿ, ದೊಡ್ಡವರ ಮುಂದೆ ‘ಗೊತ್ತಿಲ್ಲ’ ಅನ್ನಿಸಲು ಮನಸ್ಸು ಒಪ್ಪಲಿಲ್ಲ.

ದಾರಿ ಮುಚ್ಚಿದರು. ಪೆಟ್ಟಿಗೆಗಳನ್ನು ಉರಿಬಿಸಿಲಲ್ಲಿ ಲಾರಿಗೆ ಹೇರಿ ಸಾಗಿಸುವಾಗ ಅರ್ಧಕ್ಕರ್ಧ ಹುಳುಗಳು ಸತ್ತವು. ಕಾಡಿಗೆ ಬೆಂಕಿಯಿಟ್ಟವಳೆಂದು ಜನ ಅಕ್ಕನನ್ನು ಆಡಿಕೊಂಡರು. ಅವನು ಜಗಳ ಮಾಡಲಿಲ್ಲ. ಬರುವುದನ್ನು ನಿಲ್ಲಿಸಿದ, ಅಷ್ಟೇ. ಗಾಳಿಯ ಸುದ್ದಿ ಫೋನಿನಲ್ಲಿ ಬರತೊಡಗಿತು.

ಮರುವರ್ಷ, ನರಪಿಳ್ಳೆಯೂ ಸುಳಿಯದ ಆ ದಾರಿಯಲ್ಲೇ ಬೆಂಕಿ ಎದ್ದಿತು. ಅವಳು ತಂತಿಯ ನಕ್ಷೆ ತರಿಸಿ ಮೆಷಿನ್‌ಗೆ ಕೊಟ್ಟಳು. ತಂತಿ ಪಟ್ಟಿಯ ತುದಿಗೆ ಏರಿತು, ದಾರಿ ತಳಕ್ಕೆ ಇಳಿಯಿತು. ತಂತಿಯ ವಿಷಯ ಮೆಷಿನ್‌ಗೆ ಯಾರೂ ಹೇಳಿರಲಿಲ್ಲ. ಹಾಗಾಗಿ ಅದು ತಂತಿಯ ಜೊತೆಗೇ ಸಾಗುವ ದಾರಿಯ ಮೇಲೆ ತಪ್ಪು ಹೊರಿಸಿತ್ತು. ಅವಳಿಗಾದರೋ ಅವನು ಹೇಳಿದ್ದ.

ತಿದ್ದಿದ ವರದಿಯಲ್ಲಿ, ‘ಎಚ್ಚರಿಸಿದ್ದರೂ ನಾನು ಕಿವಿಗೆ ಹಾಕಿಕೊಳ್ಳಲಿಲ್ಲ’ ಎಂದು ಬರೆದು ಸಹಿ ಹಾಕಿದಳು. ಆ ಸಾಲು ತೆಗೆಯಿರೆಂದು ಮೇಲಧಿಕಾರಿಗಳು ಹೇಳಿದರೂ ತೆಗೆಯಲಿಲ್ಲ. ದಾರಿ ತೆರೆಯಿತು. ಆದೇಶದ ಪ್ರತಿ ಹಿಡಿದು ಗೋಪುರ ಹತ್ತಿದಾಗ ಅವನು ಬ್ಯಾಗಿಗೆ ಬಟ್ಟೆ ತುಂಬುತ್ತಿದ್ದ.

“ಅಕ್ಕ ವಾಪಸ್ ಬರ್ತಾರಾ?”

“ಇಲ್ಲ. ದೂರದಲ್ಲಿ ಹೊಸದಾಗಿ ಶುರು ಮಾಡಿದ್ದಾಳೆ, ಒಬ್ಬಳೇ. ನಾನೂ ಅಲ್ಲಿಗೇ ವರ್ಗ ತಗೊಂಡೆ.”

“ನನಗೆ ನೀವಂದ್ರೆ…” ಅವಳು ಆದೇಶದ ಪ್ರತಿಯನ್ನು ಮಡಿಚಿದಳು. “ಆ ಶುಕ್ರವಾರಕ್ಕೆ ಮುಂಚೆನೇ ಹೇಳ್ಬೇಕಿತ್ತು.”

“ನಾನೂ ಹೇಳ್ಬೇಕಿತ್ತು.” ಅವನು ಮೊದಲ ಸಲ ಏಕವಚನಕ್ಕೆ ಇಳಿದ. “ನಿನ್ನ ಮೇಲೆ ಕೋಪ ಇಲ್ಲ ಕಣೇ. ಆದ್ರೆ ಅಕ್ಕನ ಮುಖ ನೋಡ್ಕೊಂಡು ನಿನ್ನ ಪಕ್ಕ ಕೂರೋಕೆ ನನ್ನ ಕೈಲಾಗಲ್ಲ.”

ಗೋಪುರದ ಕಂಬಿಯ ಮೇಲಿದ್ದ ಅವಳ ಕೈಗೆ ಅವನ ಕೈ ತಾಗಿತು. ಕೆಳಗೆ ಜೀಪಿನ ಹಾರ್ನ್ ಕೇಳುವ ತನಕ ಇಬ್ಬರೂ ಹಾಗೇ ನಿಂತಿದ್ದರು.

“ಹೊಸಬರು ಮಧ್ಯಾಹ್ನ ಬರ್ತಾರೆ,” ಅಂದು ದುರ್ಬೀನು ಅವಳ ಕೈಗಿಟ್ಟ. “ಅಲ್ಲಿವರೆಗೆ ನೋಡ್ಕೋತೀಯಾ?”

ಜೀಪು ತಿರುವಿನಲ್ಲಿ ಮರೆಯಾಗುವಾಗಲೂ ಅವಳು ಆ ಕಡೆ ದುರ್ಬೀನು ತಿರುಗಿಸಲಿಲ್ಲ. ಕಾಡಿನ ಮೇಲೇ ಇಟ್ಟಿದ್ದಳು. ಕಣ್ಣು ಮಂಜಾದಾಗಲೆಲ್ಲ ಒರೆಸಿಕೊಂಡು ಮತ್ತೆ ನೋಡಿದಳು.