ಕಾಯಿಸಿ ಚೆಲ್ಲಿದ ಬುಡ್ಡಿಗಳು

1991ರ ಫೆಬ್ರುವರಿ 12, ಮಂಗಳವಾರ ಬೆಳಿಗ್ಗೆ ಲಸಿಕೆ ಪ್ರಯೋಗಾಲಯದ ಡಾ. ದಿಲ್ಷಾದ್ ಬೇಗಂ ಚಿಂತಾಮಣಿ ಠಾಣೆಗೆ ಬಂದು ಕೊಟ್ಟ ದೂರಿನ ತಲೆಬುಡ ಇನ್ಸ್‌ಪೆಕ್ಟರ್ ಮುನಿನಾರಾಯಣಪ್ಪನವರಿಗೆ ತಿಳಿಯಲಿಲ್ಲ.

"ಏನು ಕಳುವಾಗಿದೆ ಮೇಡಂ?"

"ಕಳುವಾಗಿಲ್ಲ ಸಾರ್. ಸಾಯಿಸಿದ್ದಾರೆ."

ಸತ್ತದ್ದು ಮೇಕೆಯ ಮೂತ್ರಪಿಂಡದಿಂದ ತೆಗೆದ ಜೀವಕೋಶಗಳು. ಅಂಥವು ಗಾಜಿನ ಬುಡ್ಡಿಯಲ್ಲಿ ಕೆಲವು ಸಲ ಬೆಳೆದು ನಿಂತುಬಿಡುತ್ತವೆ. ಇವು ಮೂರು ವರ್ಷದಿಂದ ನಿಲ್ಲದೆ ಬೆಳೆಯುತ್ತಿದ್ದವು. ಮೇಕೆಗಳಿಗೆ ಬರಬೇಕಾದ ಲಸಿಕೆ, ಆಕೆಯ ಹೆಸರು, ಎರಡೂ ಅವನ್ನೇ ನಂಬಿಕೊಂಡಿದ್ದವು. ಎಫ್‌ಐಆರ್‌ನಲ್ಲಿ ಇದನ್ನು ಬರೀ ಆಸ್ತಿ ನಷ್ಟವೆಂದು ಬರೆಸುವಾಗ ಇನ್ಸ್‌ಪೆಕ್ಟರಿಗೇ ಕಸಿವಿಸಿಯಾಯಿತು.

ಪ್ರಯೋಗಾಲಯದಲ್ಲಿ ಪಂಚನಾಮೆ ನಡೆಯುವಾಗ ಇನ್ಸ್‌ಪೆಕ್ಟರ್ ನಿಂತಲ್ಲಿ ನಿಲ್ಲಲಿಲ್ಲ. ಬಾಗಿಲ ಬೀಗ ಮುರಿದಿತ್ತು. ಮುಂದಕ್ಕೆಂದು ಹೆಪ್ಪುಗಟ್ಟಿಸಿಟ್ಟ ಕೋಶಗಳನ್ನೂ ಹೊರಗೆಸೆದು ಕರಗಿಸಲಾಗಿತ್ತು. ಖಾಲಿ ಬುಡ್ಡಿಗಳ ಬಾಯಂಚಿನಲ್ಲಿ ದ್ರವ ಸುಟ್ಟು ಕಂದಾಗಿ ಅಂಟಿತ್ತು.

"ಇದೇನು?"

"ಬುಡ್ಡಿ ತೆಗೆದಾಗ ಬಾಯನ್ನ ದೀಪಕ್ಕೆ ಹಿಡೀತೀವಿ, ಕ್ರಿಮಿ ಸೇರದೇ ಇರ್ಲಿ ಅಂತ."

"ಚೆಲ್ಲೋ ಬುಡ್ಡೀನೂನಾ?"

ದಿಲ್ಷಾದ್ ತಡವರಿಸಿದರು. "ಇಲ್ಲ ಸಾರ್. ನಮ್ಮ ಚನ್ನಕೇಶವ ಒಬ್ರೇ ಅದನ್ನೂ ಹಿಡಿಯೋದು. ಎಷ್ಟು ಸಲ ನಕ್ಕಿದ್ದೀನಿ."

ಚನ್ನಕೇಶವ ಆರು ವರ್ಷದಿಂದ ಆಕೆಯ ಸಹಾಯಕ. ಪೇದೆ ಲಾಲ್ ಬಾಷಾ ಅವನನ್ನು ಠಾಣೆಗೆ ಕರೆತಂದ. ಇನ್ಸ್‌ಪೆಕ್ಟರ್ ಮೇಜಿನ ಮೇಲೆ ಒಂದು ಬುಡ್ಡಿ ಇಟ್ಟು, ಸುಟ್ಟ ಅಂಚನ್ನು ಅವನ ಕಡೆ ತಿರುಗಿಸಿದರು. ಕುಂಬಳಕಾಯಿ ಕಳ್ಳ ಎನ್ನುವ ಮೊದಲೇ ಅವನು ಹೆಗಲು ಮುಟ್ಟಿ ನೋಡಿಕೊಂಡ.

"ಕೈ ಅಭ್ಯಾಸ ಸಾರ್," ಎಂದ.

"ಯಾಕಪ್ಪ ಮಾಡ್ದೆ?"

"ಕರೆಂಟ್ ಹೋಗೋ ಗಡಿಬಿಡೀಲಿ, ಪಕ್ಕದಲ್ಲೇ ಬೆಳೆಸ್ತಿದ್ದ ಕೋತಿ ಕೋಶಕ್ಕೆ ಅದ್ದಿದ ಕೊಳವೇನೇ ಒಂದಿನ ಮೇಕೆ ಬುಡ್ಡಿಗೂ ಅದ್ಬಿಟ್ಟೆ. ಕೋತೀದೇ ಬೆಳೆದು ಮೇಕೇದನ್ನ ಮುಗಿಸಿರುತ್ತೆ. ಈಗ ಮೇಡಂ ಬೆಂಗಳೂರಿಗೆ ಪರೀಕ್ಷೆಗೆ ಕಳಿಸ್ತೀನಿ ಅಂದ್ರು. ಕಳ್ಳ ಬಂದಿದ್ದ ಅಂದ್ರೆ ಜನ ಅಯ್ಯೋ ಅಂತಾರೆ. ಮೂರು ವರ್ಷದ ಕೆಲಸಾನೇ ಸುಳ್ಳು ಅಂತಾದ್ರೆ ಮೇಡಮ್ಮನ್ನ ಯಾರೂ ಕ್ಷಮಿಸಲ್ಲ."

"ಅವರಿಗೇ ಹೇಳ್ಬಹುದಿತ್ತಲ್ಲ?"

"ಮುಖ ನೋಡಿ ಹೇಳಕ್ಕಾಗ್ಲಿಲ್ಲ ಸಾರ್."

ಮಧ್ಯಾಹ್ನ 3 ಗಂಟೆಗೆ ದಸ್ತಗಿರಿ ಆಯಿತು. ಸಂಜೆ ದಿಲ್ಷಾದ್ ಮತ್ತೆ ಬಂದರು. ಹೋದ ವಾರ ಬೆಂಗಳೂರಿಗೆ ಹೋಗಿದ್ದಾಗ, ಕಾಯಲಾರದೆ ಒಂದು ಬುಡ್ಡಿಯನ್ನು ತಾವೇ ಪರೀಕ್ಷೆಗೆ ಕೊಟ್ಟಿದ್ದರಂತೆ. ಈಗ ಫೋನ್ ಬಂದಿತ್ತು. ಕೋಶದೊಳಗಿನ ವರ್ಣತಂತು ಎಣಿಸಿದ್ದಾರೆ, ಅಪ್ಪಟ ಮೇಕೆ, ಕೋತಿಯದು ಒಂದೂ ಇಲ್ಲ.

"ಹಾಗಾದ್ರೆ ಆ ಬುಡ್ಡಿ ಉಳಿದಿದೆಯಲ್ಲಮ್ಮ?"

"ಎಣಿಸ್ಬೇಕಾದ್ರೆ ಕೋಶಾನ ಸಾಯಿಸ್ಲೇಬೇಕು ಸಾರ್."

ಇದನ್ನು ಅವನಿಗೆ ಹೇಳಬೇಕೇ ಬೇಡವೇ ಎಂದು ಇನ್ಸ್‌ಪೆಕ್ಟರ್ ಲಾಕಪ್ಪಿನ ಮುಂದೆ ಶತಪಥ ಹಾಕಿದರು. ಹಣದಾಸೆಗೆ ಮಾಡಿದವರನ್ನು ಅವರು ಬೇಕಾದಷ್ಟು ನೋಡಿದ್ದರು. ಒಬ್ಬರ ಕಣ್ಣಲ್ಲಿ ಸಣ್ಣವನಾಗುವ ಭಯಕ್ಕೆ ಮಾಡಿದವನನ್ನು ನೋಡಿದ್ದು ಇದೇ ಮೊದಲು. ಕೊನೆಗೆ ಹೇಳಿದರು.

ಚನ್ನಕೇಶವ ಎದ್ದು ಬಂದು ಕಂಬಿ ಹಿಡಿದ.

"ಮೇಡಂಗೆ ಗೊತ್ತಾ ಸಾರ್?"

"ಅವರೇ ಹೇಳಿದ್ದು."

ಜಾಮೀನಿಗೆ ಯಾರನ್ನು ಕರೆಸಲಿ ಎಂದು ಲಾಲ್ ಬಾಷಾ ಕೇಳಿದಾಗ, ಯಾರೂ ಬೇಡ ಎಂದ.