ಇಪ್ಪತ್ತೈದನೆಯ ಪ್ರಬಂಧ

ಮಕ್ಕಳು ಕತ್ತರಿ ಮೇಡಂ ಎಂದೇ ಕರೆಯುವ ಇಂಗ್ಲಿಷ್ ಟೀಚರ್ ಆ ಪ್ರಬಂಧಕ್ಕೆ ಆರಕ್ಕೆ ಒಂದು ಅಂಕ ಕೊಟ್ಟಳು. ಕೊಟ್ಟು ಸುಮ್ಮನಿದ್ದರೆ ಚೆನ್ನಾಗಿತ್ತು. ಆದರೆ ಸುಮ್ಮನಿರುವುದು ಅವಳ ಜಾಯಮಾನದಲ್ಲೇ ಇಲ್ಲ. ತರಗತಿಯ ಮುಂದೆ ನಿಂತು ಅದನ್ನು ಗಟ್ಟಿಯಾಗಿ ಓದಿಯೂ ಬಿಟ್ಟಳು.

ಹನ್ನೆರಡನೆಯ ತರಗತಿಯ ಅಡ್ವಾನ್ಸ್ಡ್ ಇಂಗ್ಲಿಷ್ ಪರೀಕ್ಷೆಗೆ ಇನ್ನು ಐದೇ ವಾರ. ಪ್ರತಿ ಬುಧವಾರ ಮಕ್ಕಳು ನಲವತ್ತು ನಿಮಿಷದಲ್ಲಿ ಒಂದು ಪ್ರಬಂಧ ಟೈಪ್ ಮಾಡಬೇಕು. ಹೆಸರಿಲ್ಲ, ನಂಬರ್ ಮಾತ್ರ. ಈ ಸಲದ ವಿಷಯ, ‘ಹೇಳದೆ ಉಳಿಯುವುದೂ ಸುಳ್ಳೇ?’ ವಾದ ಬೇಕು, ವಾದಕ್ಕೆ ಸಾಕ್ಷ್ಯ ಬೇಕು. ಈ ಪ್ರಬಂಧದ ಸಾಕ್ಷ್ಯವೋ, ದೇವರಿಗೇ ಪ್ರೀತಿ.

‘ನನಗೆ ಗೊತ್ತಿರುವ ಒಬ್ಬಳು, ಓದುವಾಗ ಒಳ್ಳೆಯ ವಾಕ್ಯ ಸಿಕ್ಕರೆ, ಮೇಜಿನ ಕೆಳಗೆ ಎಡಗಾಲನ್ನು ಮೆಲ್ಲಗೆ ಚಪ್ಪಲಿಯಿಂದ ಹೊರತೆಗೆಯುತ್ತಾಳೆ. ನಾಲ್ಕು ವರ್ಷದಿಂದ ನೋಡುತ್ತಿದ್ದೇನೆ. ಏನೂ ಹೇಳಿಲ್ಲ. ದಿನವೂ ಸುಳ್ಳು ಹೇಳಿದಂತೆಯೇ ಆಗಿದೆ.’

“ನಾಲ್ಕು ವರ್ಷ ಚಪ್ಪಲಿ ನೋಡ್ತಾ ಕೂತವನನ್ನ ಪ್ರೇಮಿ ಅನ್ನಲ್ಲ, ಚಪ್ಪಲಿ ಅಂಗಡಿಯವನು ಅಂತಾರೆ,” ಎಂದಳು ಮೇಡಂ. ತರಗತಿ ಬಿದ್ದು ಬಿದ್ದು ನಕ್ಕಿತು. ಸಮಯ ನೋಡಿಕೊಳ್ಳಲು ಕೊನೆಯ ಬೆಂಚಿನಲ್ಲಿ ಕೂತಿದ್ದ ಇನ್ನೊಬ್ಬ ಇಂಗ್ಲಿಷ್ ಮೇಷ್ಟ್ರು, ಮಕ್ಕಳ ಬಾಯಲ್ಲಿ ಪಿಸುಮಾತು ಸರ್, ಅವನೂ ನಕ್ಕ. ಎಲ್ಲರಿಗಿಂತ ಒಂಚೂರು ತಡವಾಗಿ ನಕ್ಕ.

ಸಂಜೆ ಸ್ಟಾಫ್ ರೂಮಿನಲ್ಲಿ ಅಂಕ ಬರೆಯಲು ಕೂತಾಗ ಲೆಕ್ಕ ತಪ್ಪಿತು. ಮಕ್ಕಳು ಇಪ್ಪತ್ನಾಲ್ಕು, ಪ್ರಬಂಧ ಇಪ್ಪತ್ತೈದು.

ಅವರಿಬ್ಬರ ನಡುವೆ ಒಂದು ಪದ್ಧತಿಯಿತ್ತು. ವಾರಕ್ಕೊಬ್ಬರಂತೆ, ತಾವೂ ಒಂದು ಪ್ರಬಂಧ ಬರೆದು ಕಟ್ಟಿನೊಳಗೆ ಸೇರಿಸಿಬಿಡಬೇಕು. ತಿದ್ದುವವರ ಕೈ ಬಿಗಿಯೋ ಸಡಿಲವೋ ಅದರಿಂದ ತಿಳಿಯುತ್ತದೆ. ‘ಕಳ್ಳ ಪ್ರಬಂಧ’ ಎಂದು ಹೆಸರಿಟ್ಟವಳೂ ಇವಳೇ, ನಿಯಮ ಮಾಡಿದವಳೂ ಇವಳೇ. ಈ ವಾರದ ಸರದಿ ಅವನದು. ಸಾಮಾನ್ಯವಾಗಿ ಅವನು ಬರೆಯುತ್ತಿದ್ದದ್ದು ಬಸ್ಸು, ಗ್ರಂಥಾಲಯ, ಕಸ ವಿಲೇವಾರಿ. ಹಾಗಾಗಿ ತರಗತಿಯಲ್ಲಿ ಓದುವಾಗ ಇವಳಿಗೆ ಅನುಮಾನವೇ ಬಂದಿರಲಿಲ್ಲ.

ಯಾವ ಮಗುವಿನ ನಂಬರೂ ಅಲ್ಲದ ಇಪ್ಪತ್ತೈದನೆಯದು, ತರಗತಿಯನ್ನು ನಗಿಸಿದ್ದ ಅದೇ ಚಪ್ಪಲಿಯ ಪ್ರಬಂಧ. ಎತ್ತಿಕೊಂಡು ಮತ್ತೆ ಓದಿದಳು. ಈ ಸಲ ನಿಧಾನವಾಗಿ ಓದಿದಳು. ಓದಿ ಮುಗಿದಾಗ ಎಡಗಾಲಿಗೆ ನೆಲ ತಣ್ಣಗೆ ತಾಗುತ್ತಿತ್ತು. ಬಗ್ಗಿ ನೋಡಿದಳು.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ತನ್ನನ್ನು ತಾನೇ ಗುರುತಿಸದೆ, ಗುರುತಿಸಿದವನನ್ನು ಹೀಗಳೆದಿದ್ದಳು. ಅದೂ ಇಪ್ಪತ್ನಾಲ್ಕು ಮಕ್ಕಳ ಎದುರು, ಅವನ ಎದುರೇ.

ಮನೆಯಲ್ಲಿ ಅಕ್ಕನಿಗೆ ಎಲ್ಲ ಹೇಳಿದಳು. ನಾಳೆ ಒಂದು ಚೀಟಿ ಬರೆದು ಅವರ ಮೇಜಿನ ಮೇಲೆ ಇಟ್ಟುಬಿಡುತ್ತೇನೆ ಎಂದೂ ಹೇಳಿದಳು. ಬಟ್ಟೆ ಮಡಚುತ್ತಿದ್ದ ಅಕ್ಕ ತಲೆ ಎತ್ತಲಿಲ್ಲ. “ಮಾನ ಕಳೆಯೋದು ಎಲ್ಲರ ಮುಂದೆ, ಕ್ಷಮೆ ಕೇಳೋದು ಮಾತ್ರ ಕದ್ದುಮುಚ್ಚಿ. ಚೆನ್ನಾಗಿದೆ ಕಣೇ ನಿನ್ನ ನ್ಯಾಯ.”

ಮರುದಿನ ಹೋಗುವಷ್ಟರಲ್ಲಿ ಹೆಡ್ ಮೇಡಂ ಎದುರಾಗಿ ಸುದ್ದಿ ಹೇಳಿದರು. ಪಿಸುಮಾತು ಸರ್ ಆಚೆ ಕಟ್ಟಡದ ಕೆಳ ತರಗತಿಗಳನ್ನು ಕೇಳಿಕೊಂಡಿದ್ದಾರೆ, ಇಲ್ಲಿ ಇವತ್ತೇ ಕೊನೆ. ಅವಳು ನೇರ ತರಗತಿಗೆ ನಡೆದಳು.

ಅವನು ಕೊನೆಯ ಬೆಂಚಿನಲ್ಲಿದ್ದ, ಪಕ್ಕದಲ್ಲಿ ಪುಸ್ತಕದ ಪೆಟ್ಟಿಗೆ. ಅವಳು ಹಾಜರಿಯನ್ನೂ ಕರೆಯಲಿಲ್ಲ.

“ನಿನ್ನೆ ನಾನು ತಮಾಷೆ ಮಾಡಿದ ಪ್ರಬಂಧ ಇದೆಯಲ್ಲ, ಅದರಲ್ಲಿ ಬರೆದಿದ್ದು ನಿಜ. ನಿಜ ಬರೆದವರನ್ನ ನಾನು ನಗೆಪಾಟಲು ಮಾಡಿದೆ. ನನಗೆ ನಾಚಿಕೆ ಆಗ್ತಿದೆ.”

ಯಾರೂ ನಗಲಿಲ್ಲ. ಹಾಗಾದರೆ ಈಗ ಎಷ್ಟು ಅಂಕ ಎಂದು ಒಬ್ಬಳು ಕೇಳಿದಳು. ಅಂಕ ಕೊಡುವ ಯೋಗ್ಯತೆ ನನಗಿಲ್ಲ ಎಂದಳು ಮೇಡಂ. ಆ ಬಾಯಿಂದ ಅಂಥ ಮಾತು ಬಂದದ್ದು ಅದೇ ಮೊದಲು.

ಗಂಟೆ ಬಾರಿಸಿದ ಮೇಲೆ ಅವನು ಪೆಟ್ಟಿಗೆ ಹೊತ್ತು ವರಾಂಡಕ್ಕೆ ಬಂದ. ಅಂಕ ಸರಿಯಾಗಿಯೇ ಇತ್ತು, ಸಾಕ್ಷ್ಯ ಒಂದೇ ಒಂದು ಕೊಟ್ಟಿದ್ದೆ ಎಂದ.

“ಕೊನೆ ಪ್ಯಾರಾನೂ ಇರಲಿಲ್ಲ. ಯಾಕೆ ಸರ್?”

“ಟೈಮ್ ಸಾಲಲಿಲ್ಲ.”

“ನಾಲ್ಕು ವರ್ಷ ಸಾಲಲಿಲ್ವಾ?”

ಅವನ ಕಿವಿ ಕೆಂಪಾಯಿತು. ಕಣ್ಣು ಮಾತ್ರ ಅವಳ ಮುಖ ಬಿಟ್ಟು ಕದಲಲಿಲ್ಲ. ಛೇಡಿಸುವುದು ಅವಳಿಗೆ ನೀರು ಕುಡಿದಷ್ಟು ಸುಲಭ. ಮುಂದಿನದು ಹಾಗಲ್ಲ.

“ನಾನೂ ಹೇಳಿಲ್ಲ,” ಎಂದಳು ಕೊನೆಗೂ. “ನಿಮ್ಮ ಕೊನೇ ಪಿರಿಯಡ್ ಮುಗಿಯೋವರೆಗೂ ಪೇಪರ್ ತಿದ್ದೋ ಹಾಗೆ ಕೂತಿರ್ತೀನಲ್ಲ ದಿನಾ, ತಿದ್ದೋಕೆ ಒಂದೂ ಇರಲ್ಲ ಸರ್.”

ಅವನು ಪೆಟ್ಟಿಗೆಯನ್ನು ನೆಲಕ್ಕಿಟ್ಟ.

“ಹೆಡ್ ಮೇಡಂಗೆ ಈಗ ಏನು ಹೇಳೋದು?”

“ನಿಜಾನೇ ಹೇಳಿ,” ಎಂದಳು. ನಾಚಿಕೆಗೆ ಮುಖ ಇನ್ನೂ ಉರಿಯುತ್ತಲೇ ಇತ್ತು. ಉರಿಯುವ ಆ ಮುಖವನ್ನು ಅವಳು ಆಚೆ ತಿರುಗಿಸಲಿಲ್ಲ.