ತಿರುವಿನ ಬೋರ್ಡು ಮಿನುಗದ ದಿನ

ಸೋಮವಾರ ಬೆಳಗ್ಗೆ ಎಂಟೂವರೆಗೆ ಠಾಣೆಗೆ ಬಂದ ಹೆಂಗಸಿನ ಬೂಟು ತುಂಬ ಕೆಸರು, ಮುಖ ನಿದ್ದೆಗೆಟ್ಟಿತ್ತು. ಆಕೆ ಸಾರಿಗೆ ಸಂಶೋಧನಾ ಕೇಂದ್ರದ ವಿಜ್ಞಾನಿ. ಇನ್‌ಸ್ಪೆಕ್ಟರ್ ಕುರ್ಚಿ ತೋರಿಸಿದರೂ ಕೂರಲಿಲ್ಲ.

“ನಮ್ಮ ಬೋರ್ಡನ್ನ ಯಾರೋ ಬೇಕಂತಲೇ ಹಾಳು ಮಾಡಿದಾರೆ ಸಾರ್.”

ಯಾವ ಬೋರ್ಡು ಎಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ಹೊಸ ಹೆದ್ದಾರಿ ಗುಡ್ಡ ಇಳಿದು ತಟ್ಟನೆ ಎಡಕ್ಕೆ ಹೊರಳುವ ಜಾಗವದು. ರಸ್ತೆ ತೆರೆದ ಹೊಸತರಲ್ಲಿ ಅಲ್ಲಿಂದ ಹೆಣ ಎತ್ತಿ ಎತ್ತಿ ಠಾಣೆಯವರಿಗೆ ಸಾಕುಸಾಕಾಗಿತ್ತು. ಕಡೆಗೆ ಸರ್ಕಾರ ಸಂಶೋಧನೆಗೆ ಹಣ ಕೊಟ್ಟಿತು. ಈ ವಿಜ್ಞಾನಿ ಪ್ರಯೋಗಕ್ಕೆಂದು ಅಲ್ಲೊಂದು ಕಂಬ ನೆಡಿಸಿದಳು. ಕಂಬದ ಮೇಲಿನ ಪುಟ್ಟ ಪೆಟ್ಟಿಗೆ ಬರುವ ಗಾಡಿಯ ವೇಗ ಅಳೆಯುತ್ತದೆ. ಜೋರಾಗಿದ್ದರೆ ಕೆಳಗಿನ ಬೋರ್ಡಿನಲ್ಲಿ ‘ನಿಧಾನ’ ಎಂದು ಕೆಂಪಕ್ಷರ ಮಿನುಗುತ್ತದೆ. ಅದು ಬಂದ ಮೇಲೆ ಒಂದು ಗಾಡಿಯೂ ರಸ್ತೆ ಬಿಟ್ಟು ಇಳಿದಿರಲಿಲ್ಲ. ನಿನ್ನೆ ಸಂಜೆ ಹಾಲಿನ ವ್ಯಾನ್ ಇಳಿಯಿತು. ಚಾಲಕ ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿದ್ದ.

“ತಾನಾಗೇ ಕೆಟ್ಟಿರಬಹುದಲ್ಲ ಮೇಡಂ?”

“ಕೆಟ್ಟಿಲ್ಲ. ಪೆಟ್ಟಿಗೇನ ಆಕಾಶದ ಕಡೆ ತಿರುಗಿಸಿಟ್ಟಿದಾರೆ.”

ಸರ್ಕಾರಿ ಸ್ವತ್ತಿಗೆ ಹಾನಿ, ಜೀವಕ್ಕೆ ಅಪಾಯ ತರುವ ಕೃತ್ಯ ಎಂದು ಎಫ್‌ಐಆರ್ ದಾಖಲಾಯಿತು. ಇನ್‌ಸ್ಪೆಕ್ಟರ್ ಟೋಪಿ ಎತ್ತಿಕೊಂಡು, “ಟೇಪಮ್ಮ ಎಲ್ಲಿ?” ಎಂದು ಕೂಗಿದರು.

ಅದು ಅವರ ಮಹಿಳಾ ಕಾನ್‌ಸ್ಟೇಬಲ್‌ಗೆ ಠಾಣೆ ಇಟ್ಟ ಅಡ್ಡಹೆಸರು. ಸರ್ಕಾರದ ಖರ್ಚಿನಲ್ಲಿ ರಸ್ತೆ ಸುರಕ್ಷತಾ ತರಬೇತಿಗೆ ಹೋಗಿ ಬಂದಾಗಿನಿಂದ ಅಳತೆ ಟೇಪು ಅವಳ ಸೊಂಟ ಬಿಟ್ಟಿರಲಿಲ್ಲ. ಜನ ಸಾಲದ ಠಾಣೆಯಿಂದ ಇದ್ದೊಬ್ಬಳನ್ನೂ ಪಾಠಕ್ಕೆ ಕಳಿಸಬೇಕಲ್ಲ ಎಂದು ಆಗ ಇನ್‌ಸ್ಪೆಕ್ಟರ್ ಗೊಣಗಿದ್ದರು. ಈಗ ಯಾವ ಅಪಘಾತಕ್ಕೂ ಅವಳನ್ನು ಬಿಟ್ಟು ಹೋಗುತ್ತಿರಲಿಲ್ಲ. ಪಕ್ಕದ ಠಾಣೆಯವರು ಎರವಲು ಕೇಳಿದರೆ, “ನಮ್ಮ ಹುಡುಗೀನ ಕೊಡಲ್ಲ” ಎಂದುಬಿಡುತ್ತಿದ್ದರು.

ತಿರುವಿನಲ್ಲಿ ಪಂಚರ ಎದುರು ಪಂಚನಾಮೆ ನಡೆಯಿತು. ಅವಳು ಡಾಂಬರಿನ ಮೇಲೆ ಮಂಡಿಯೂರಿ ಬ್ರೇಕಿನ ಗುರುತುಗಳನ್ನು ಅಳೆದಳು. ಗುರುತು ಒಂದೇ ಗೆರೆಯಾಗಿರಲಿಲ್ಲ, ತುಂಡುತುಂಡಾಗಿತ್ತು.

“ಬ್ರೇಕ್ ಹಿಡಿದಿದ್ದು ತಡವಾಗಿ ಸಾರ್. ಬೋರ್ಡು ಮಿನುಗಿದ್ದರೆ ಅಷ್ಟು ಹಿಂದೇನೇ ಹಿಡೀತಿದ್ದ. ಆದರೂ ಹೆದರಿ ಒತ್ತಿಹಿಡಿದಿಲ್ಲ. ಬಿಟ್ಟು ಬಿಟ್ಟು ಹಿಡಿದಿದಾನೆ. ಅದಕ್ಕೇ ವ್ಯಾನು ಉರುಳಿಲ್ಲ.”

ಇನ್‌ಸ್ಪೆಕ್ಟರ್ ಏಣಿ ಹತ್ತಿ ಪೆಟ್ಟಿಗೆ ನೋಡಿದರು. ಒಡೆದಿರಲಿಲ್ಲ, ತಂತಿ ಕಿತ್ತಿರಲಿಲ್ಲ. ಕೊಂಚವೇ ಮೇಲಕ್ಕೆ ತಿರುಗಿಸಿ, ನಟ್ಟು ಬಿಗಿದು, ತುಕ್ಕು ಹಿಡಿಯದಂತೆ ಮೇಲೆ ಬಣ್ಣವನ್ನೂ ಬಳಿದಿದ್ದರು. ಆರಿದ ಬಣ್ಣದಲ್ಲಿ ಒಂದು ಹೆಬ್ಬೆರಳಿನ ಗುರುತು.

“ಇದು ಪುಂಡರ ಕೆಲಸ ಅಲ್ಲ. ಹಾಳು ಮಾಡೋಕೆ ಬಂದವನು ಇಷ್ಟು ಅಚ್ಚುಕಟ್ಟಾಗಿ ಯಾಕೆ ಮಾಡ್ತಾನೆ?”

ಮೊದಲ ಅನುಮಾನ ರಸ್ತೆ ಗುತ್ತಿಗೆದಾರನ ಮೇಲೆ ಹೋಯಿತು. ಬೋರ್ಡು ಸೋತರೆ ತಿರುವನ್ನೇ ಅಗೆದು ಹೊಸದಾಗಿ ಕಟ್ಟುವ ಕೆಲಸ ಅವನಿಗೇ ಸಿಗುತ್ತಿತ್ತು. ಆದರೆ ಅವನೂ ಅವನ ಆಳುಗಳೂ ವಾರದಿಂದ ದೂರದ ಸೇತುವೆಯ ಕಾಂಕ್ರೀಟಿನಲ್ಲಿ ಮುಳುಗಿದ್ದರು. ಹೆದ್ದಾರಿ ಕಚೇರಿಯೂ ತಾನು ಯಾರನ್ನೂ ರಿಪೇರಿಗೆ ಕಳಿಸಿಲ್ಲ ಎಂದಿತು.

ತಿರುವಿನ ಎದುರಿಗೆ ಪಂಕ್ಚರ್ ಅಂಗಡಿ ಇಟ್ಟುಕೊಂಡ ಅಜ್ಜಿ ನೋಡಿದ್ದಳು.

“ಶನಿವಾರ ಮಧ್ಯಾಹ್ನ ಒಬ್ಬರು ಬಂದಿದ್ದರಪ್ಪ. ಕಿತ್ತಳೆ ಅಂಗಿ, ತಲೆಗೆ ಟೋಪಿ. ಸರ್ಕಾರದವರು ಅಂದ್ಕೊಂಡೆ.”

“ಮುಖ ನೋಡಿದ್ರಾ?”

“ನೋಡಿದೆ. ವಯಸ್ಸಾದವರು. ನಮ್ಮೋರ ಥರ ಬೇಕಾಬಿಟ್ಟಿ ಅಲ್ಲಪ್ಪ. ರಸ್ತೆಗೆ ಓರೆಯಾಗಿ ಕೋನ್ ಇಟ್ಟು ಕೆಲಸ ಶುರು ಮಾಡಿದರು. ಮುಗಿದ ಮೇಲೆ ಹಿಂದೆ ಹಿಂದೆ ನಡೀತಾ ಎತ್ತಿದರು. ಬರೋ ಗಾಡಿಗೆ ಒಂದ್ಸಲಾನೂ ಬೆನ್ನು ಹಾಕಲಿಲ್ಲ.”

ಟೇಪಮ್ಮ ಬರೆಯುವುದನ್ನು ನಿಲ್ಲಿಸಿದಳು. ಜೀಪಿನ ಹತ್ತಿರ ಬಂದ ಮೇಲೆ ಇನ್‌ಸ್ಪೆಕ್ಟರ್ ಕೇಳಿದರು, “ಯಾರು?”

ಅವಳು ಪುಸ್ತಕ ಮುಚ್ಚಿದಳು. “ಹಾಗೆ ಕೋನ್ ಎತ್ತೋದು ಈ ಊರಲ್ಲಿ ಒಬ್ಬರೇ ಸಾರ್. ನಮಗೆ ಕಲಿಸಿದ ಮೇಷ್ಟ್ರು.”

ತರಬೇತಿ ಶಾಲೆಯ ಮೇಷ್ಟ್ರನ್ನು ಅರಿಯದ ಚಾಲಕನೇ ಇರಲಿಲ್ಲ. ಬಸ್ಸಿನವರು, ಲಾರಿಯವರು, ಆಂಬುಲೆನ್ಸಿನವರು ಎಲ್ಲರೂ ಅವರ ಕೈಕೆಳಗೆ ಪಳಗಿದವರೇ. ಇನ್‌ಸ್ಪೆಕ್ಟರ್ ಜೀಪಿನ ಬಾಗಿಲು ಹಿಡಿದು ನಿಂತರು. “ನೀನು ಬರದಿದ್ದರೂ ನಡೆಯುತ್ತೆ ಕಣಮ್ಮ. ಬೇರೆಯವರನ್ನ ಕರಕೊಂಡು ಹೋಗ್ತೀನಿ.”

“ಬರ್ತೀನಿ ಸಾರ್. ಗುರುತು ಹಿಡಿದವಳು ನಾನೇ ಅಲ್ವಾ?”

ಮರುದಿನ ಅಜ್ಜಿ ಹಲವು ಫೋಟೋಗಳ ನಡುವೆ ಬೆರಳಿಟ್ಟಿದ್ದು ಮೇಷ್ಟ್ರ ಫೋಟೋದ ಮೇಲೆಯೇ. ಮಧ್ಯಾಹ್ನ ಮೂರಕ್ಕೆ ಜೀಪು ಶಾಲೆಯ ಬಯಲಿಗೆ ಬಂತು. ನೆಲದ ಮೇಲೆ ಸುಣ್ಣದಲ್ಲಿ ಬರೆದ ರಸ್ತೆ, ಹಳೆಯ ಟೈರುಗಳ ಸಾಲು. ಮೇಷ್ಟ್ರು ಪಾಠ ನಿಲ್ಲಿಸಿ, ಹುಡುಗರನ್ನು ಒಳಗೆ ಕಳಿಸಿ ತಾವೇ ಎದುರು ಬಂದರು.

“ಶನಿವಾರ ಮಧ್ಯಾಹ್ನ ಎಲ್ಲಿದ್ರಿ?”

“ತಿರುವಿನಲ್ಲಿ.”

“ಪೆಟ್ಟಿಗೆ ತಿರುಗಿಸಿದ್ದು?”

“ನಾನೇ.” ಅವರ ಕಣ್ಣು ಕಾನ್‌ಸ್ಟೇಬಲ್ ಕಡೆ ಹೋಯಿತು. “ವ್ಯಾನಿನವನು ಹೇಗಿದಾನೆ? ಆಸ್ಪತ್ರೆ ಬಾಗಿಲವರೆಗೆ ಎರಡು ಸಲ ಹೋದೆ. ಒಳಗೆ ಹೋಗೋಕೆ ಮುಖ ಇರಲಿಲ್ಲ.”

“ಕಾಲು ಕೂಡುತ್ತೆ ಸರ್. ಅವನು ನಿಮ್ಮ ಹಳೇ ವಿದ್ಯಾರ್ಥಿ,” ಎಂದಳು ಅವಳು. “ಬೋರ್ಡು ಮಿನುಗಲಿಲ್ಲ, ಹಾಗಾಗಿ ವೇಗ ಸರಿಯಿದೆ ಅಂದ್ಕೊಂಡನಂತೆ. ಆಮೇಲೆ ನೀವು ಕಲಿಸಿದ ಹಾಗೆ ಬ್ರೇಕ್ ಬಿಟ್ಟು ಬಿಟ್ಟು ಹಿಡಿದ. ಅದಕ್ಕೇ ಬದುಕಿದ.”

ಮೇಷ್ಟ್ರು ಪಕ್ಕದ ಟೈರಿನ ಮೇಲೆ ಕುಸಿದು ಕೂತರು. ಆಮೇಲೆ ಕೇಳಿದರು, “ಗುರುತು ಅಳೆದಿದ್ದು ಯಾರು?”

“ನಾನೇ ಸರ್.”

“ಇಳಿಜಾರನ್ನ ಲೆಕ್ಕಕ್ಕೆ ಹಿಡಿದೆಯಾ?”

“ಹಿಡಿದೆ ಸರ್.”

“ಹಾಗಾದರೆ ಸರಿ.” ಅವರು ಎದ್ದು, ಬೆನ್ನು ನೆಟ್ಟಗೆ ಮಾಡಿ ಎರಡೂ ಕೈ ಚಾಚಿದರು. ಆ ಹೊತ್ತಿನಲ್ಲೂ ಆ ಮುದುಕನ ಮುಖದಲ್ಲಿ ತನ್ನ ಶಿಷ್ಯೆಯ ಬಗ್ಗೆ ಇದ್ದ ಹೆಮ್ಮೆ ಇನ್‌ಸ್ಪೆಕ್ಟರ್ ಕಣ್ಣಿಗೆ ಬಿತ್ತು. ಬೇಡಿ ಹಾಕಿಸಲಿಲ್ಲ. ಬಂಧನದ ವಿಷಯ ಮನೆಯವರಿಗೆ ತಿಳಿಸಿ, ಜೀಪಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡರು.

ಬಣ್ಣದ ಮೇಲಿನ ಹೆಬ್ಬೆರಳು ಅವರದ್ದೇ ಎಂದು ವರದಿ ಬಂತು. ಹೇಳಿಕೆಯಲ್ಲಿ ಮೇಷ್ಟ್ರು ಏನನ್ನೂ ಮುಚ್ಚಿಡಲಿಲ್ಲ. ಬೋರ್ಡು ಗೆದ್ದರೆ ಮುಂದಿನ ವರ್ಷದಿಂದ ತರಬೇತಿಯ ಅನುದಾನವೆಲ್ಲ ಬೋರ್ಡುಗಳಿಗೆ ಹೋಗಿ, ಶಾಲೆಗೆ ಬೀಗ ಬೀಳುತ್ತದೆಂದು ಯಾರೋ ಅವರ ಕಿವಿಗೆ ಹಾಕಿದ್ದರು. “ನನ್ನ ಸಂಬಳದ ಚಿಂತೆ ಅಲ್ಲ ಸಾರ್. ಮನುಷ್ಯರಿಗೆ ಕಲಿಸೋದು ದಂಡ ಅಂತ ಸರ್ಕಾರ ತೀರ್ಮಾನ ಮಾಡಿಬಿಡುತ್ತಲ್ಲ, ಅದನ್ನ ತಡ್ಕೊಳ್ಳೋಕಾಗಲಿಲ್ಲ. ನನ್ನ ಹುಡುಗರು ಬೋರ್ಡಿಲ್ಲದೇನೂ ನಿಧಾನ ಮಾಡ್ತಾರೆ ಅನ್ನೋ ಕೊಬ್ಬು ನನಗೆ.”

ಆ ಹೇಳಿಕೆ ಕೇಳಿದ ವಿಜ್ಞಾನಿ ಸರ್ಕಾರಕ್ಕೆ ಬರೆಯಲು ಕುಳಿತಳು. ಬೋರ್ಡು ಜನರನ್ನು ಉಳಿಸುತ್ತದೆ, ಅದು ಕೈಕೊಟ್ಟಾಗ ಕಲಿತ ಕೈಯೇ ಉಳಿಸುತ್ತದೆ, ಎರಡಕ್ಕೂ ಹಣ ಬೇಕು ಎಂದು ಅವಳ ವರದಿ ಹೋಯಿತು. ಶಾಲೆ ಉಳಿಯಿತು. ಹೊಸ ಮೇಷ್ಟ್ರು ಸಿಗುವವರೆಗೆ ಪಾಠ ಮಾಡಲು ಕಾನ್‌ಸ್ಟೇಬಲ್‌ಳನ್ನು ಕಳಿಸಿಕೊಡಿ ಎಂದು ಶಾಲೆಯವರು ಠಾಣೆಯನ್ನು ಕೇಳಿದರು.

ಇನ್‌ಸ್ಪೆಕ್ಟರ್ ಈ ಸಲ ಗೊಣಗಲಿಲ್ಲ. ಅವಳನ್ನು ಕಳಿಸುವ ಶಿಫಾರಸು ಟೈಪು ಮಾಡಲು ಕುಳಿತ ಠಾಣೆಯ ರೈಟರ್ ಕೇಳಿದ, “ಗುರು ಅಂತಲೂ ನೋಡದೆ ಕರ್ತವ್ಯ ಮಾಡಿದಳು ಅಂತ ಹಾಕ್ಲಾ ಸಾರ್?”

“ನೋಡದೆ ಅಂತ ಬರೀಬೇಡ ಕಣಯ್ಯ,” ಎಂದರು ಇನ್‌ಸ್ಪೆಕ್ಟರ್. “ಗುರು ಅಂತ ನೋಡಿಯೇ ಮಾಡಿದಳು. ಹಾಗಂತಲೇ ಬರಿ.”